ಎಳ್ಳಿಗೆ ಮುಳ್ಳು ಬಂದ ಬಗೆ

ದ್ರವ್ಯವೆಂದರೆ ಸ್ಥಳವನ್ನು ಆಕ್ರಮಿಸುವ, ತೂಕವುಳ್ಳ ಯಾವುದೇ ವಸ್ತು. ಈ ಸತ್ಯವನ್ನು ನನ್ನೆದುರು ಬಾಯಿಪಾಠ ಒಪ್ಪಿಸಿದವಳು ಏಳನೇ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು. ಆದರೆ ಅದು ನನ್ನ ಅನುಭವಕ್ಕೆ ಬಂದದ್ದು ಇನ್ನೂ ಮೊದಲೇ, ಜೂನ್ ತಿಂಗಳಲ್ಲಿ, ಮಗನ ಸಂಸಾರ ಬೆಂಗಳೂರು ಬಿಟ್ಟು ಪುಣೆಯ ನಮ್ಮ ಎರಡು ಕೋಣೆಯ ಮನೆಗೆ ಒಂದು ಲಾರಿ ಸಾಮಾನಿನೊಂದಿಗೆ ಬಂದಿಳಿದ ದಿನ. ಎರಡು ವಸ್ತುಗಳು ಏಕಕಾಲಕ್ಕೆ ಒಂದೇ ಜಾಗದಲ್ಲಿ ಇರಲಾರವು ಎಂದು ಪುಸ್ತಕ ಹೇಳುತ್ತದೆ. ಎರಡು ಫ್ರಿಜ್ಜುಗಳು ಇರಲಾರವು ಎಂಬುದನ್ನು ನಾವು ಸ್ವಂತ ಪ್ರಯೋಗದಿಂದ ಕಂಡುಕೊಂಡೆವು. ಒಂದು ಫ್ರಿಜ್ಜು ಈಗಲೂ ನಾನು ಮಲಗುವ ಕೋಣೆಯಲ್ಲಿದೆ. ನಾನು ಗೊರಕೆ ಹೊಡೆಯುತ್ತೇನೆಂದು ಮನೆಯವರು ದೂರುವಾಗೆಲ್ಲ ಅದರ ಕಡೆ ಬೆರಳು ತೋರಿಸುತ್ತೇನೆ.

ಮಗನಿಗೆ ಪುಣೆಯ ಹೊರಗಿನ ಚಾಕಣದಲ್ಲಿ ವಾಹನಗಳ ಬಿಡಿಭಾಗಗಳ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಗಾಗುವ ಮೊದಲೇ ಕಂಪನಿಯ ಬಸ್ಸು ಹತ್ತುತ್ತಾನೆ, ಕತ್ತಲಾದ ಮೇಲೆ ಇಳಿಯುತ್ತಾನೆ. ಆದ್ದರಿಂದ ಮನೆಯಲ್ಲಿ ಎಷ್ಟು ಇರುತ್ತಾನೋ ಈ ಬರಹದಲ್ಲೂ ಅಷ್ಟೇ ಇರುತ್ತಾನೆ. ಸೊಸೆ ಮೈಸೂರಿನವಳು, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನೊಂದಿಗೆ ಇಂಗ್ಲಿಷಿನಲ್ಲಿ ಜಗಳವಾಡುವ ನೌಕರಿ ಅವಳದು. ನನ್ನ ಹೆಂಡತಿ ವಿಜಯಪುರದ ಕಡೆಯವಳು. ಒಂದೇ ಅಡಿಗೆಮನೆಗೆ ಬಂದ ದಿನದಿಂದ ಈ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಪಣ ತೊಟ್ಟಿದ್ದರು. ಆ ಪಣದ ಗಡಸುತನವನ್ನು ಅಳೆಯುವ ಉಪಕರಣ ಇನ್ನೂ ಹುಟ್ಟಿಲ್ಲ. ಕೇಳಿದರೆ ಸೊಸೆಗೆ ಬೇಸರವಾದೀತೆಂದು ಅತ್ತೆ ಕೇಳುವುದಿಲ್ಲ. ಹೇಳಿದರೆ ಅತ್ತೆಗೆ ಅವಮಾನವಾದೀತೆಂದು ಸೊಸೆ ಹೇಳುವುದಿಲ್ಲ. ಒಂದು ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ‘ಭಾಳ ಹಿತಾಗೇದ’ ಎಂದು ಇವಳು, ‘ತುಂಬಾ ಚೆನ್ನಾಗಿದೆ ಅತ್ತೆ’ ಎಂದು ಅವಳು, ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡರು. ಉಪ್ಪು ಕೇಳಿದ ನನ್ನನ್ನು ಇಬ್ಬರೂ ಒಟ್ಟಿಗೇ ದುರುಗುಟ್ಟಿ ನೋಡಿದರು.

ಈ ಸ್ಥಳಾಂತರ ಹೆಚ್ಚು ಭಾರವಾದದ್ದು ಮೊಮ್ಮಗಳಿಗೆ. ಮನೆಯಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಶಾಲೆಯ ಗೇಟು ದಾಟಿದೊಡನೆ ಆ ಬಾಯಿ ಮುಚ್ಚುತ್ತಿತ್ತು. ಪಾಠವೇನೋ ಇಂಗ್ಲಿಷಿನಲ್ಲಿ. ಆದರೆ ಮಧ್ಯಾಹ್ನದ ಡಬ್ಬಿಯ ಮುಚ್ಚಳ ತೆರೆದೊಡನೆ ಇಲ್ಲಿಯ ಹುಡುಗಿಯರು ಮರಾಠಿಗೆ ಇಳಿಯುತ್ತಾರೆ. ಇವಳು ಕೇಳಿದ್ದರಲ್ಲಿ ಅರ್ಧ ತಿಳಿದುಕೊಂಡು, ಉತ್ತರವನ್ನು ಮನಸ್ಸಿನಲ್ಲೇ ಹೊಂದಿಸಿ, ಬಾಯಿಗೆ ತರುವಷ್ಟರಲ್ಲಿ ಮಾತು ಮೂರು ವಿಷಯ ದಾಟಿ ಮುಂದೆ ಹೋಗಿರುತ್ತಿತ್ತು.

‘ಇವತ್ತು ಯಾರ ಜೊತೆ ಮಾತಾಡ್ದೆ, ಪುಟ್ಟಾ?’ ಎಂದು ಅವಳಮ್ಮ ದಿನವೂ ಕೇಳುವಳು.

‘ಮಿಸ್ ಜೊತೆ.’

‘ಏನಂದೆ?’

‘ಪ್ರೆಸೆಂಟ್ ಮಿಸ್ ಅಂದೆ.’

ಹೀಗೆ ಮಳೆಗಾಲ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯ ಚಳಿ ಬಂತು. ಪುಸ್ತಕದಲ್ಲಿ ದ್ರವ್ಯದ ಗುಣಗಳ ಪಾಠವೂ ಬಂತು. ಅದನ್ನು ಒಪ್ಪಿಸಿಕೊಳ್ಳುವ ಪರೀಕ್ಷಕನ ಹುದ್ದೆಗೆ ಮನೆಯಲ್ಲಿ ಬೇರೆ ಅಭ್ಯರ್ಥಿಗಳಿಲ್ಲದ ಕಾರಣ ನನ್ನನ್ನೇ ನೇಮಿಸಲಾಯಿತು. ಗ್ಯಾಲರಿಯ, ಎಂದರೆ ಬಾಲ್ಕನಿಯ, ಬಿಸಿಲಿನಲ್ಲಿ ಕೂತು ಅವಳು ಹೊಳಪು ಎನ್ನುವಳು, ಗಡಸುತನ ಎನ್ನುವಳು, ಕರಗುವಿಕೆ ಎನ್ನುವಳು. ನಾನು ಕಣ್ಣು ಮುಚ್ಚಿ, ಎಲ್ಲ ಬಲ್ಲವನಂತೆ ತಲೆಯಾಡಿಸುವೆ. ‘ವಸ್ತು ಬದಲಾಗದೆ ನಮ್ಮ ಕಣ್ಣು ಕೈಗಳಿಗೆ ಸಿಗುವುದು ಭೌತಿಕ ಗುಣ’ ಎಂದು ಅವಳು ಹೇಳಿದಾಗ, ಅಡಿಗೆಮನೆಯಿಂದ ನನ್ನ ಹೆಂಡತಿ, ‘ಹಂಗಾದ್ರ ನಿಮ್ಮಜ್ಜನೂ ಬದಲಾಗಿಲ್ಲ, ಬರಕೋ’ ಎಂದಳು.

ಒಂದು ಸಂಜೆ ಹುಡುಗಿ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ನನ್ನೆದುರು ನಿಂತಳು.

‘ಅಜ್ಜ, ನಾನು ಕ್ಲಾಸಲ್ಲಿ ಮಾತಾಡ್ಬಿಟ್ಟೆ.’

ಕಿಟಕಿ ಗಾಜು ಒಡೆದವರು ಆಡುವ ದನಿಯಲ್ಲಿ ಹೇಳಿದಳು. ವಿಷಯ ಇಷ್ಟು. ದ್ರವ್ಯದ ಯಾವುದಾದರೂ ಒಂದು ಗುಣವನ್ನು ತೋರಿಸುವ ವಸ್ತುವನ್ನು ಪ್ರತಿಯೊಬ್ಬರೂ ಮನೆಯಲ್ಲಿ ಮಾಡಿ ತರಬೇಕು, ಅಂಗಡಿಯಿಂದ ಕೊಂಡದ್ದು ನಡೆಯದು, ಸಂಕ್ರಾಂತಿಗೆ ಮೊದಲು ಅದರ ಪ್ರದರ್ಶನ ಎಂದು ವಿಜ್ಞಾನದ ಟೀಚರು ಹೇಳಿದ್ದರು. ಇವಳ ಕೈ, ಇವಳನ್ನು ಕೇಳದೆಯೇ, ಮೇಲೆದ್ದಿತ್ತು. ನೀರಿನಲ್ಲಿ ಕರಗಿ ಕಾಣದಂತಾದ ಸಕ್ಕರೆ ಮತ್ತೆ ಹರಳಾಗಿ ಬರುತ್ತದೆ, ನಮ್ಮಜ್ಜಿ ಅದನ್ನು ಎಳ್ಳಿನ ಮೇಲೆ ಮುಳ್ಳು ಮುಳ್ಳಾಗಿ ಬೆಳೆಸುತ್ತಾರೆ ಎಂದಿದ್ದಳು.

ನಾವು ಕುಸುರೆಳ್ಳು ಎನ್ನುವುದನ್ನು ಇಲ್ಲಿಯವರು ಹಲ್ವಾ ಎನ್ನುತ್ತಾರೆ. ಸಂಕ್ರಾಂತಿ ಬಂತೆಂದರೆ ಪೇಟೆಯ ಅಂಗಡಿಗಳಲ್ಲೆಲ್ಲ ಬಿಳಿ, ಗುಲಾಬಿ ಗುಡ್ಡೆಗಳು. ಅದೇ ತೊಂದರೆಯಾಯಿತು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿ, ‘ಹಲ್ವಾ ತರ್ ದುಕಾನಾತ್ ಮಿಳತೋ. ಘರೀ ಕೋಣ್ ಕರತ? ಖೋಟಂ ಬೋಲತೇಯ!’ ಎಂದಳಂತೆ. ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಯಾರು ಮಾಡುತ್ತಾರೆ, ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು. ಕ್ಲಾಸು ನಕ್ಕಿತು. ಟೀಚರು ನಗಲಿಲ್ಲ, ತಂದು ತೋರಿಸು, ನೋಡೋಣ ಎಂದರು.

‘ಇಷ್ಟ್ ದಿನ ಅವರಿಗೆ ನಾನು ಯಾರು ಅಂತಾನೇ ಗೊತ್ತಿರ್ಲಿಲ್ಲ, ಅಜ್ಜ. ಈಗ ಸುಳ್ಳಿ ಅಂತ ಗೊತ್ತು’ ಎಂದಳು. ‘ಮುಳ್ಳು ಬರ್ಲಿಲ್ಲ ಅಂದ್ರೆ ನಾನಂತೂ ಆ ಸ್ಕೂಲಲ್ಲಿ ಇನ್ಮೇಲೆ ಬಾಯಿ ಬಿಡಲ್ಲ.’

‘ಮುಳ್ಳು ಬರಲಾರದಂಗ ಏನಾಗೇದ?’ ಎಂದು ನನ್ನ ಹೆಂಡತಿ ಸೆರಗು ಸಿಗಿಸಿಕೊಂಡಳು. ‘ನನ್ನ ಕೈಯಾಗ ಯಾವತ್ತು ಬಂದಿಲ್ಲ, ಬಂಗಾರಿ? ಕೇಳು ಬೇಕಾದ್ರ ಈ ಬಿಲ್ಡಿಂಗಿನ್ಯಾಗ.’

ಇದು ಬಡಾಯಿಯಲ್ಲ. ಪ್ರತಿ ಚಳಿಗಾಲ ಅವಳು ಕುಸುರೆಳ್ಳು ಮಾಡಿ ಮೂರು ಮಜಲಿಗೂ ಹಂಚುವವಳು. ಕೆಲಸ ನೋಡಲು ಸರಳ. ಒಲೆಯ ಮೇಲೆ ದಪ್ಪ ತವೆ, ಅದರ ಮೇಲೆ ಅಗಲ ತಾಟು, ತಾಟಿನಲ್ಲಿ ಹದವಾಗಿ ಹುರಿದ ಬಿಳಿ ಎಳ್ಳು, ತೀರ ಸಣ್ಣ ಉರಿ. ಸಕ್ಕರೆಯ ತೆಳು ಪಾಕವನ್ನು ಚಮಚದಿಂದ ಹನಿ ಹನಿಯಾಗಿ ಬಿಡುವುದು, ಅದು ಎಳ್ಳಿನ ಮೇಲೆ ಆರುವತನಕ ಬೆರಳ ತುದಿಯಿಂದ ಆಡಿಸುವುದು, ಆರಿದ ಮೇಲೆ ಮತ್ತೆ ಹನಿ. ಗಂಟೆಗಟ್ಟಲೆ ಇದೇ. ಪೂರ್ತಿ ಬೆಳೆಯಲು ಕೆಲವು ದಿನ ಬೇಕು, ಆದರೆ ಮುಳ್ಳಿನ ಮೊಳಕೆ ಮೊದಲ ದಿನವೇ ಕಾಣಬೇಕು.

ಕಾಣಲಿಲ್ಲ.

ಮೊದಲ ದಿನದ ಎಳ್ಳು ನುಣ್ಣಗಾಯಿತು, ಹೊಳೆಯಿತು, ಒಂದಕ್ಕೊಂದು ಅಂಟಿಕೊಂಡಿತು. ಮರುದಿನವೂ ಹಾಗೆಯೇ. ಅದರ ಮರುದಿನ ತಾಟಿನಿಂದ ಚಮಚವನ್ನು ಬಿಡಿಸಿಕೊಳ್ಳುವುದಕ್ಕೇ ಇಬ್ಬರು ಬೇಕಾದರು. ಹೆಂಡತಿಯ ಮುಖ ಸಣ್ಣದಾಯಿತು. ಸೊಸೆ ಮೀಟಿಂಗಿನ ನಡುನಡುವೆ ಬಂದು, ‘ಪಾಕ ಸರಿಯಾಗೇ ಇದೆ ಅಲ್ವಾ ಅತ್ತೆ? ನಿಮ್ಮ ಕೈಯಲ್ಲಿ ತಪ್ಪಾಗೋಕೆ ಚಾನ್ಸೇ ಇಲ್ಲ’ ಎಂದು ಸಮಾಧಾನ ಹೇಳಿ ಹೋಗುವಳು. ‘ನಿನ್ನ ಸಹಾಯ ಭಾಳ ಆತವ್ವ ನನಗ’ ಎಂದು ಇವಳು.

ಇಂಥ ಸಂದರ್ಭದಲ್ಲಿ ವಿಚಾರಣಾ ಆಯೋಗವೊಂದು ಬೇಕೆಂದು ನನಗೆ ತೋರಿತು. ಅಧ್ಯಕ್ಷತೆಯನ್ನು ನಾನೇ ವಹಿಸಿಕೊಂಡೆ. ಮಾರ್ಕೆಟ್ ಯಾರ್ಡಿನ ಸಕ್ಕರೆ-ಬೆಲ್ಲದ ಸಾಲಿನಲ್ಲಿ ಗುಮಾಸ್ತಿಕೆ ಮಾಡಿ ಆಯುಷ್ಯ ಸವೆಸಿದವನಿಗೆ ಸಕ್ಕರೆಯ ವಿಷಯದಲ್ಲಿ ಯಾರು ಎದುರಾಡಬೇಕು? ನಾನು ಅದನ್ನು ಬಲ್ಲದ್ದು ಹೊಲಿದ ಗೋಣಿಚೀಲದ ಹೊರಗಿನಿಂದ ಎಂಬುದು ಬೇರೆ ಮಾತು. ಮೊದಲ ದಿನ ಆಯೋಗವು ಮೋಡದ ಹವೆಯನ್ನು ತಪ್ಪಿತಸ್ಥನೆಂದು ಘೋಷಿಸಿತು. ಮರುದಿನ ಬಿಸಿಲು ಬಿದ್ದುದರಿಂದ ತೀರ್ಪನ್ನು ಹಿಂದೆಗೆದುಕೊಂಡು ಗ್ಯಾಸಿನ ಉರಿಯನ್ನು ಹಿಡಿಯಿತು. ಮೂರನೆಯ ದಿನ ಸಕ್ಕರೆಯನ್ನೇ ಬದಲಾಯಿಸಲು ಆಜ್ಞೆ ಮಾಡಿತು. ನಾನೇ ಹೋಗಿ, ನಾಲ್ಕು ಅಂಗಡಿಗಳಲ್ಲಿ ಕಾಳು ಕೈಗೆ ಹಾಕಿಸಿಕೊಂಡು, ಹಳೆಯ ಗುರುತಿನವರೊಡನೆ ಚಹಾ ಕುಡಿದು, ಮೊದಲಿನಂಥದೇ ಸಕ್ಕರೆ ತಂದೆ.

‘ಚೀಲ ಎಣಿಸಿದವರಿಗೆ ಪಾಕ ತಿಳೀತದೇನ್ರಿ?’ ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಆಯೋಗದ ವರದಿಯನ್ನು ತಿರಸ್ಕರಿಸಿದಳು.

ಆಗ ನಾನು ರಾಜತಾಂತ್ರಿಕ ಮಾರ್ಗ ಹಿಡಿದೆ. ಮೊಮ್ಮಗಳನ್ನು ಗ್ಯಾಲರಿಗೆ ಕರೆದು ದನಿ ತಗ್ಗಿಸಿದೆ. ‘ನೋಡು, ಸ್ವಾರಗೇಟದ ಹತ್ರ ಒಂದು ಅಂಗಡಿ ಅದ. ಮುಳ್ಳು ಹಿಂಗಿರ್ತಾವ, ಗುಲಾಬಿ ಗಿಡದಂಗ. ಅರ್ಧ ಕಿಲೋ ತರ್ತೀನಿ. ಸ್ಟೀಲ್ ಡಬ್ಬಿಗೆ ಹಾಕಿದ ಮ್ಯಾಲೆ ಮನಿದೂ ಒಂದೇ, ಅಂಗಡಿದೂ ಒಂದೇ.’

ಅವಳು ನನ್ನನ್ನು ನೋಡಿದ ಬಗೆಯನ್ನು ಇಲ್ಲಿ ವರ್ಣಿಸುವುದಿಲ್ಲ.

‘ಆವಾಗ ಆ ಹುಡುಗಿ ಹೇಳಿದ್ದೇ ನಿಜ ಆಗತ್ತಲ್ಲ, ಅಜ್ಜ’ ಎಂದಳು ಅಷ್ಟೆ.

ನಾನು ಚಪ್ಪಲಿಯನ್ನು ಮತ್ತೆ ಸ್ಟ್ಯಾಂಡಿಗೆ ಸೇರಿಸಿದೆ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಹುಡುಗಿ ಅಡಿಗೆಮನೆಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಇಟ್ಟು ನಿಂತಿದ್ದಳು. ತಲೆಗೆ ಅಜ್ಜಿಯ ಸ್ಕಾರ್ಫು.

‘ಇವತ್ತು ಯಾರೂ ಒಳಗೆ ಬರೋ ಹಾಗಿಲ್ಲ. ನಾನೊಬ್ಬಳೇ ಮಾಡೋದು.’

‘ಅಯ್ಯ, ಕೈ ಸುಟ್ಟುಕೊಂಡೀ!’ ಎಂದಳು ಅಜ್ಜಿ.

‘ಕುರ್ಚಿ ಮೇಲೆ ಕೂತ್ಕೊಂಡು ನೋಡಿ ಅಜ್ಜಿ. ಹೇಳಿ, ಆದರೆ ಮುಟ್ಟಬೇಡಿ. ಎಕ್ಸ್‌ಪೆರಿಮೆಂಟ್‌ನಲ್ಲಿ ಒಂದ್ ಸಲಕ್ಕೆ ಒಂದೇ ಚೇಂಜ್ ಮಾಡ್ಬೇಕು ಅಂತ ಮಿಸ್ ಹೇಳಿದಾರೆ. ಅಜ್ಜ ಹವಾ ಚೇಂಜ್ ಮಾಡಿದ್ರು, ಗ್ಯಾಸ್ ಚೇಂಜ್ ಮಾಡಿದ್ರು, ಸಕ್ಕರೆ ಚೇಂಜ್ ಮಾಡಿದ್ರು.’

‘ಈಗ ಏನ್ ಚೇಂಜ್ ಮಾಡಾಕಿ ನೀ?’ ಎಂದೆ.

‘ನಿಮ್ಮನ್ನೆಲ್ಲ.’

ಹೀಗೆ ನಾವು ಮೂವರು ಹಿರಿಯರು ಪದಚ್ಯುತರಾದೆವು. ರಜೆಯಿದ್ದ ಮಗ ಪತ್ರಿಕೆಯ ಹಿಂದಿನಿಂದ, ‘ಸರಿಯಾಗಿದೆ’ ಎಂದ. ಇಡೀ ಪ್ರಕರಣದಲ್ಲಿ ಅವನ ಕಾಣಿಕೆ ಅದೊಂದೇ, ಆದರೆ ತೂಕದ್ದು.

ಅಜ್ಜಿ ಕುರ್ಚಿಯ ಮೇಲಿಂದ ಹೇಳಿದಳು: ಸಕ್ಕರೆ ಇಷ್ಟು, ನೀರು ಇಷ್ಟು, ಕುದಿ ಬಂದ ಮೇಲೆ ಒಂದು ಚಮಚ ಹಾಲು, ಮೇಲೆ ಬಂದ ನೊರೆ ತೆಗಿ, ಎಳೆ ಬರುವ ಮೊದಲೇ ಇಳಿಸು. ಹುಡುಗಿ ಹೇಳಿದಷ್ಟನ್ನೇ ಮಾಡಿದಳು, ಹೇಳದ್ದನ್ನು ಮಾಡಲಿಲ್ಲ. ಹನಿ ಬಿಟ್ಟಳು, ಆಡಿಸಿದಳು, ಬೆರಳನ್ನು ಬಾಯಿಯ ಬಳಿ ತಂದು ಊದಿಕೊಂಡಳು, ಮತ್ತೆ ಹನಿ ಬಿಟ್ಟಳು. ಮೊದಲು ಎಳ್ಳು ತೇವವಾಗಿ ಮಿನುಗಿತು. ಆಮೇಲೆ ಮಿನುಗು ಹೋಗಿ ಬೆಳ್ಳಗಾಯಿತು. ತಾಟಿನ ಮೇಲೆ ಕಾಳು ಉರುಳುವ ಸದ್ದು ಕೇಳುತ್ತಿತ್ತು. ಮೊದಲಿನ ಮೂರು ದಿನವೂ ಕೇಳದಿದ್ದ, ಒಣಗಿದ, ಗರಗರ ಸದ್ದು.

ಹೆಂಡತಿ ತಡೆಯಲಾರದೆ ಕುರ್ಚಿ ಸರಿಸಿ ಒಳನುಗ್ಗಿದಳು. ನಾಲ್ಕು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

‘ರೀ, ಬರ್ರಿ ಇಲ್ಲೆ.’

ಕನ್ನಡಕ ಏರಿಸಿ ನೋಡಿದೆ. ಒಂದೊಂದು ಕಾಳಿನ ಮೈಮೇಲೂ ಗಡ್ಡ ಮೂಡುವ ವಯಸ್ಸಿನ ಹುಡುಗರ ಗಲ್ಲದಂತೆ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ, ಚೂಪು ಚೂಪು ತುದಿಗಳು.

‘ಬಂದವು ನೋಡ್ರಿ! ಬಂದವು!’ ಎಂದಳು. ಆಮೇಲೆ ಪಾಕದ ಪಾತ್ರೆಯನ್ನು ವಾಲಿಸಿ ನೋಡಿ, ‘ಲಿಂಬಿಹಣ್ಣು ಎಷ್ಟು ಹಿಂಡಿದಿ?’ ಎಂದು ಕೇಳಿದಳು.

‘ಲಿಂಬೆನಾ? ನೀವು ಹೇಳ್ಲೇ ಇಲ್ವಲ್ಲ.’

‘ಹೌದಲ್ಲ! ಮರತೆ. ನಾಕು ಹನಿ ಹಾಕ್ಬೇಕು, ಸಕ್ಕರಿ ಹೊಲಸು ಬಿಡಲಿ ಅಂತ. ನಾ ದಿನಾ ಹಾಕಿಟ್ಟು ಸ್ನಾನಕ್ಕ ಹೋಗ್ತಿದ್ದೆ.’

ಬಾಗಿಲಲ್ಲಿ ನಿಂತಿದ್ದ ಸೊಸೆಯ ಕೈ ಬಾಯಿಗೆ ಹೋಯಿತು.

‘ಅತ್ತೆ... ನೀವು ಸ್ನಾನಕ್ಕೆ ಹೋದಾಗ ನಾನೂ ಹಾಕ್ತಿದ್ದೆ.’

‘ಏನು?’

‘ಲಿಂಬೆ. ನೀವು ಮರೆತಿದೀರೇನೋ ಅಂದ್ಕೊಂಡೆ. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಸುಮ್ನೆ ಹಿಂಡಿಬಿಡ್ತಿದ್ದೆ. ಜಾಮೂನಿನ ಪಾಕಕ್ಕೆ ನಮ್ಮಮ್ಮ ಹಾಕ್ತಾರಲ್ಲ, ಹಾಗೆ.’

‘ಎಷ್ಟು ಹಿಂಡಿದಿ?’

‘ಅರ್ಧ ಹೋಳು. ಮೂರನೇ ದಿನ ಸ್ವಲ್ಪ ಜಾಸ್ತಿ, ಸರಿಹೋಗಲಿ ಅಂತ.’

ನ್ಯಾಯಾಧೀಶರ ಸ್ಥಾನದಲ್ಲಿದ್ದ ಹುಡುಗಿ ಚಮಚ ಹಿಡಿದುಕೊಂಡೇ ತಿರುಗಿದಳು. ‘ಅಮ್ಮಾ, ಜಾಮೂನಿಗೆ ಯಾಕೆ ಲಿಂಬೆ ಹಾಕೋದು?’

‘ಪಾಕ ಹರಳುಗಟ್ಟಬಾರ್ದು ಅಂತ...’ ಎಂದ ಸೊಸೆ ಅಲ್ಲಿಗೇ ನಿಂತಳು.

ಆಮೇಲೆ ಜೂನಿನಿಂದ ತಡೆದು ಹಿಡಿದದ್ದೆಲ್ಲ ಒಮ್ಮೆಲೇ ಕಟ್ಟೆಯೊಡೆಯಿತು.

‘ಹೇಳಬಾರದೇನ ನನಗ! ನಾ ಏನ್ ಹುಲಿ ಅದೀನಿ?’

‘ನೀವೂ ಕೇಳ್ಬಹುದಿತ್ತಲ್ಲ ಅತ್ತೆ! ಪಾಕ ನೋಡ್ಕೋ ಅಂದ್ರಿ, ಲಿಂಬೆ ಹಾಕಿದೀನಿ ಅನ್ಲಿಲ್ಲ!’

‘ನಾಕು ಹನಿಗೂ ವರದಿ ಕೊಡಬೇಕೇನ?’

‘ಮೂರು ದಿನ ನಾನು ಮೀಟಿಂಗ್ ಬಿಟ್ಟು ಬಿಟ್ಟು ಬಂದಿದೀನಿ!’

‘ಯಾರು ಬಾ ಅಂದಿದ್ರು? ಬಂದು ಬಂದು ಹಿಂಡೀದಿ!’

ಇದು ನಮ್ಮ ಮನೆಯ ಅತ್ತೆ ಸೊಸೆಯರ ಮೊದಲ ಜಗಳ. ನಾನು ಗಾಬರಿಯಾಗಿ ಮಗನ ಕಡೆ ನೋಡಿದೆ. ಅವನು ಪತ್ರಿಕೆ ಮಡಿಸಿ, ಕ್ರಿಕೆಟ್ಟು ನೋಡುವವನ ಮುಖ ಮಾಡಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಇಬ್ಬರಲ್ಲೊಬ್ಬರಿಗೆ ನಗು ಬಂತು. ಯಾರಿಗೆ ಮೊದಲು ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಅಂದು ಮಧ್ಯಾಹ್ನ, ‘ಅತ್ತೆ, ಈ ಪಲ್ಯಕ್ಕೆ ಖಾರ ಜಾಸ್ತಿ’ ಎಂದು ಸೊಸೆ ಮೊದಲ ಬಾರಿಗೆ ಹೇಳಿದಳು. ‘ಮೊಸರು ಹಾಕ್ಕೊಂಡು ತಿನ್ನು’ ಎಂದು ಇವಳೂ ನಿಸ್ಸಂಕೋಚವಾಗಿ ಹೇಳಿದಳು. ಎಲ್ಲರಿಗೂ ಊಟ ಸರಿಯಾಗಿ ಸೇರಿತು.

ಹುಡುಗಿ ಮಾತ್ರ ಇನ್ನೂ ತೃಪ್ತಳಾಗಿರಲಿಲ್ಲ. ಮುಳ್ಳು ಬಂದದ್ದು ಲಿಂಬೆ ಇಲ್ಲದ್ದಕ್ಕೋ, ತನ್ನ ಕೈಗುಣಕ್ಕೋ ಎಂದು ತಿಳಿಯಬೇಕಿತ್ತು. ಇನ್ನೊಂದು ತಾಟಿನಲ್ಲಿ, ತಿಳಿದೂ ತಿಳಿದೂ ಅರ್ಧ ಹೋಳು ಹಿಂಡಿದ ಪಾಕದಿಂದ ಇನ್ನೊಂದಿಷ್ಟು ಎಳ್ಳು ಕೆಡಿಸಿದಳು. ಅದು ಶಿಸ್ತಾಗಿ ಕೆಟ್ಟಿತು. ಹುಳಿ ಸೇರಿಸಿ ಕುದಿಸಿದರೆ ಸಕ್ಕರೆ ಒಳಗೇ ಒಡೆದು ಬೇರೆ ಎರಡು ಸಕ್ಕರೆಗಳಾಗುತ್ತದೆ, ಉಳಿದದ್ದು ಸಾಲುಗಟ್ಟಿ ಹರಳಾಗಲು ಅವು ಬಿಡುವುದಿಲ್ಲ ಎಂಬುದನ್ನು ಟೀಚರನ್ನು ಕೇಳಿ ತಿಳಿದುಕೊಂಡು ಬಂದಳು. ಕೇಳಿದಳು ಎಂಬುದನ್ನು ನಾನು ಗಮನಿಸಿದೆ.

ಪ್ರದರ್ಶನದ ದಿನ ಡಬ್ಬಿಗಳನ್ನು ಹೊರುವ ಗೌರವ ನನ್ನದಾಯಿತು. ರಿಕ್ಷಾದಲ್ಲಿ ಪ್ರತಿ ಗುಂಡಿಗೂ ಅವುಗಳನ್ನು ಎದೆಗವಚಿಕೊಂಡೆ. ಅಷ್ಟರಲ್ಲಿ ದಿನವೂ ಹನಿ ಕುಡಿದ ಮುಳ್ಳುಗಳು ಚೆನ್ನಾಗಿ ಚಾಚಿಕೊಂಡಿದ್ದವು. ಶಾಲೆಯ ದೊಡ್ಡ ಕೋಣೆಯಲ್ಲಿ ಮೇಜುಗಳ ಸಾಲು. ಉಪ್ಪುನೀರಿನಲ್ಲಿ ತೇಲುವ ತತ್ತಿ, ನೀರಿನ ಮೇಲೆ ನಿಂತ ಎಣ್ಣೆ, ಒಂದು ರಬ್ಬರಿನ ಪಟ್ಟಿಯನ್ನು ಎಳೆದೆಳೆದು ಯಾರ ಕಣ್ಣಿಗೆ ಬಿಡಲಿ ಎಂದು ನೋಡುತ್ತಿದ್ದ ಒಬ್ಬ ಹುಡುಗ. ನಮ್ಮ ಮೇಜಿನ ಮೇಲೆ ಎರಡು ತಟ್ಟೆ: ಒಂದರಲ್ಲಿ ಮುಳ್ಳು ಬಂದದ್ದು, ಒಂದರಲ್ಲಿ ಬಾರದ್ದು. ಪಾಲಕರು ಗೋಡೆಯ ಬದಿಗೆ ನಿಲ್ಲಬೇಕೆಂಬ ಅಪ್ಪಣೆಯಂತೆ ನಾನು ಗೋಡೆಯಾದೆ.

ಎರಡು ಜಡೆಯ ಹುಡುಗಿ ಎಲ್ಲರಿಗಿಂತ ಮೊದಲು ಬಂದಳು. ಸೊಂಟದ ಮೇಲೆ ಕೈಯಿಟ್ಟು ತಟ್ಟೆಯನ್ನು ಪರಿಶೀಲಿಸಿದಳು. ‘ಘರೀ ಕೇಲಾ?’ ಮನೆಯಲ್ಲಿ ಮಾಡಿದ್ದಾ?

ನಮ್ಮವಳು ಬಲಗೈ ಚಾಚಿ ಬೆರಳ ತುದಿಗಳನ್ನು ತೋರಿಸಿದಳು. ತಾಟಿನ ಬಿಸಿಗೆ ಅವು ಇನ್ನೂ ಕೆಂಪಗಿದ್ದವು. ಆ ಹುಡುಗಿ ಬೆರಳುಗಳನ್ನು ನೋಡಿದಳು, ಒಂದು ಕಾಳನ್ನು ಬಾಯಿಗೆ ಹಾಕಿದಳು. ಆಮೇಲೆ ಇಡೀ ಮುಷ್ಟಿ ತೆಗೆದುಕೊಂಡು, ಗೆಳತಿಯರನ್ನು ಕೂಗಿ ಕರೆದಳು.

ಸಂಕ್ರಾಂತಿಯ ಹೊತ್ತಿನಲ್ಲಿ ಕುಸುರೆಳ್ಳನ್ನು ಬರೀ ನೋಡಲಿಕ್ಕೆಂದು ಇಟ್ಟದ್ದು ನಮ್ಮ ಮೂರ್ಖತನ. ತನಿಖೆಗೆ ಬಂದ ಹಿರಿಯ ಟೀಚರು, ಕೊರಳಿಗೆ ಕನ್ನಡಕ ತೂಗುಹಾಕಿಕೊಂಡವರು, ನಮ್ಮ ಮೇಜಿಗೆ ತಲುಪುವ ಹೊತ್ತಿಗೆ ಮುಳ್ಳಿನ ತಟ್ಟೆ ಬರಿದಾಗಿತ್ತು. ಉಳಿದದ್ದು ಅಂಟು ಎಳ್ಳು ಮಾತ್ರ. ಅವರು ಕನ್ನಡಕ ಏರಿಸಿ, ಚೀಟಿಯ ಮೇಲೆ ‘ಹರಳಿನ ಮುಳ್ಳು’ ಎಂಬರ್ಥದ ಇಂಗ್ಲಿಷನ್ನು ಓದಿ, ತಟ್ಟೆಯನ್ನು ನೋಡಿ, ಮುಳ್ಳೆಲ್ಲಿ ಎಂದು ಕೇಳಿದರು.

ನಮ್ಮವಳ ಮುಖ ಬಿಳಿಚಿತು. ನಾನು ಗೋಡೆಯಿಂದ ಅರ್ಧ ಬಿಡಿಸಿಕೊಂಡೆ.

‘ಮೀ ಖಾಲ್ಲಾ!’ ನಾನು ತಿಂದೆ ಎಂದಳು ಎರಡು ಜಡೆಯವಳು, ಇಡೀ ಕೋಣೆಗೆ ಕೇಳುವಂತೆ. ‘ಕಾಟಾ ಹೋತಾ, ಟೀಚರ್. ಜಿಭೇಲಾ ಟೋಚಲಾ!’ ಮುಳ್ಳಿತ್ತು, ನಾಲಿಗೆಗೆ ಚುಚ್ಚಿತು ಎಂದು ಸಾಕ್ಷಿಗೆ ನಾಲಿಗೆಯನ್ನು ಪೂರ್ತಿ ಹೊರಚಾಚಿದಳು. ಅವಳ ಹಿಂದೆ ಇನ್ನಷ್ಟು ನಾಲಿಗೆಗಳು ಚಾಚಿದವು. ನ್ಯಾಯಸ್ಥಾನಗಳಲ್ಲಿ ಸಾಕ್ಷಿಗಳು ನಾಲಿಗೆ ಹೊರಳಿಸುವುದನ್ನು ಕೇಳಿದ್ದೆ. ಹೀಗೆ ನೇರವಾಗಿ ಹಾಜರುಪಡಿಸಿದ್ದನ್ನು ಅಂದೇ ಕಂಡದ್ದು.

ಹಿರಿಯ ಟೀಚರಿಗೆ ನಗು ತಡೆಯಲಾಗಲಿಲ್ಲ. ಅಂಟು ಎಳ್ಳನ್ನು ಚಮಚದಿಂದ ತಿವಿದು, ಹಾಗಾದರೆ ಇದಕ್ಕೇಕೆ ಬಂದಿಲ್ಲ ಎಂದು ಕೇಳಿದರು.

ಅಷ್ಟೇ. ನಮ್ಮವಳು ಶುರು ಮಾಡಿದಳು. ಇಂಗ್ಲಿಷಿನಲ್ಲಿ ಹೊರಟು, ‘ಲಿಂಬೆ’ ಎಂಬಲ್ಲಿ ಕನ್ನಡಕ್ಕೆ ಜಾರಿ, ಎರಡು ಜಡೆಯವಳು ‘ಲಿಂಬೂ’ ಎಂದು ಎತ್ತಿಕೊಟ್ಟೊಡನೆ ಮರಾಠಿಗೆ ಏರಿದಳು. ಆ ಮರಾಠಿಯಲ್ಲಿ ಗಂಡು ಹೆಣ್ಣುಗಳ ಭೇದವಿರಲಿಲ್ಲ, ಕಾಲಗಳ ಕಟ್ಟುಪಾಡೂ ಇರಲಿಲ್ಲ, ಆದರೆ ನಿಲ್ಲಲಿಲ್ಲ. ಅಜ್ಜಿಯ ನಾಲ್ಕು ಹನಿ, ಅಮ್ಮನ ಅರ್ಧ ಹೋಳು, ಇಬ್ಬರ ಜಗಳ, ಅಜ್ಜನ ಆಯೋಗ, ಎಲ್ಲವೂ ಆಯಿತು. ಅಂಗಡಿಯ ಅರ್ಧ ಕಿಲೋ ವಿಷಯವನ್ನು ಬಿಟ್ಟುಬಿಟ್ಟಳು. ರಕ್ತಸಂಬಂಧಕ್ಕೆ ಅಷ್ಟಾದರೂ ಬೆಲೆಯಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಈ ಸಲದ ನಗೆ ಬೇರೆಯದು. ಯಾವ ಗುಣದಿಂದ ಗುರುತಿಸಿದೆ ಎಂದು ಕೇಳಿದರೆ ಹೇಳಲಾರೆ, ಅವಳೂ ನಗುತ್ತಿದ್ದಳು ಎಂಬುದನ್ನು ಬಿಟ್ಟರೆ.

ಮೊದಲ ಬಹುಮಾನ ತೇಲುವ ತತ್ತಿಗೆ ಹೋಯಿತು. ತತ್ತಿಯನ್ನು ಯಾರೂ ತಿಂದಿರಲಿಲ್ಲವಾದ್ದರಿಂದ ಅದು ನ್ಯಾಯವೇ. ನಮ್ಮವಳು ಮನೆಗೆ ಬಂದು ಬಹುಮಾನದ ಸುದ್ದಿಯನ್ನೇ ಹೇಳಲು ಮರೆತಳು.

ಮರುದಿನ ಸಂಜೆ ನಾನು ಗ್ಯಾಲರಿಯಲ್ಲಿ ಕೂತಿದ್ದಾಗ ಕೆಳಗೆ ಯಾರೋ ನಮ್ಮ ಹುಡುಗಿಯ ಹೆಸರು ಹಿಡಿದು ಕೂಗಿದರು. ಜೂನಿನಿಂದ ಆ ಹೆಸರನ್ನು ಈ ಅಂಗಳದಲ್ಲಿ ಯಾರೂ ಕೂಗಿರಲಿಲ್ಲ. ಬಗ್ಗಿ ನೋಡಿದರೆ ಎರಡು ಜಡೆ, ಒಂದು ಸೈಕಲ್ಲು.

‘ಥಾಂಬ್, ಆಲೇ!’ ಬಂದೆ, ನಿಲ್ಲು ಎಂದು ಒಳಗಿನಿಂದ ಉತ್ತರ ಹಾರಿತು, ನನ್ನ ಕಿವಿಯ ಪಕ್ಕದಿಂದಲೇ, ಮೂರು ಮಜಲಿಗೂ ಕೇಳುವಂತೆ. 

‘ಬಂಗಾರಿ, ಚಪ್ಪಲ್ಲು!’ ಎಂದು ಅಜ್ಜಿ ಬಾಗಿಲಿಗೆ ಓಡಿದಳು. ‘ಸ್ವೆಟರ್!’ ಎಂದು ಅವಳ ಹಿಂದೆ ಸೊಸೆ. ಇಬ್ಬರೂ ಬಾಗಿಲಲ್ಲಿ ಸಿಕ್ಕಿಕೊಂಡು, ನೀ ಮೊದಲು ಸರಿ, ನೀವು ಮೊದಲು ಸರಿಯಿರಿ ಎನ್ನುವಷ್ಟರಲ್ಲಿ, ಹುಡುಗಿಯ ಬರಿಗಾಲಿನ ಸದ್ದು ಆಗಲೇ ಕೆಳಗಿನ ಮೆಟ್ಟಿಲುಗಳಲ್ಲಿತ್ತು.